ಜೀರ್ಜಿಂಬೆಯ ಮೊಟ್ಟೆ: ಒಂದು ಮಕ್ಕಳಾಟ ಮತ್ತು ಎರಡು ಶಾಸ್ತ್ರಪ್ರಶ್ನೆಗಳು

ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟವು ಸಮುದ್ರಮಟ್ಟದಿಂದ 1454 ಮೀಟರ್ ಎತ್ತರದಲ್ಲಿದೆ. ನೆತ್ತಿಯ ಮೇಲೆ ಮಂಜು, ಹುಲ್ಲುಗಾವಲು, ಹೊಯ್ಸಳ ಬಲ್ಲಾಳನ ಕಾಲದ್ದೆಂದು ಪ್ರತೀತಿಯಿರುವ ವೇಣುಗೋಪಾಲನ ಗುಡಿ. ಬುಡದಲ್ಲಿ ಒಣಕುರುಚಲು, ಜಾಲಿಯ ಪೊದೆ, ಮಳೆಯಾಧಾರದ ಹೊಲ. ಬೆಟ್ಟಕ್ಕೆ ಹೋಗಿಬರುವವರ ಕಣ್ಣು ಸಹಜವಾಗಿ ಮೇಲಕ್ಕೇ ನೆಟ್ಟಿರುತ್ತದೆ. ಪ್ರಸ್ತುತ ಲೇಖನಕ್ಕೆ ಬೇಕಾದದ್ದು ಬುಡದ ಜಾಲಿ, ಅದರ ಎಲೆ ಮೇಯುವ ಒಂದು ಕೀಟ, ಮತ್ತು ಆ ಕೀಟವನ್ನು ಹಿಡಿದು ಸಾಕುತ್ತಿದ್ದ ಹಳ್ಳಿಯ ಮಕ್ಕಳ ಆಟ.

ಚಾಮರಾಜನಗರ, ಗುಂಡ್ಲುಪೇಟೆಗಳ ಬಯಲೂ ಸೇರಿದಂತೆ ಹಳೆಯ ಮೈಸೂರಿನ ಒಣಭೂಮಿಯಲ್ಲಿ ಈ ಕೀಟಕ್ಕೆ ಜೀರ್ಜಿಂಬೆ ಎಂದು ಹೆಸರು. ಇದೇ ಹೆಸರಿನ ಮಕ್ಕಳ ಚಲನಚಿತ್ರವೊಂದೂ ಕನ್ನಡದಲ್ಲಿ ಬಂದಿದೆ. ಕೀಟಶಾಸ್ತ್ರದಲ್ಲಿ ಇದು ಬ್ಯುಪ್ರೆಸ್ಟಿಡೇ ಎಂಬ ಮಣಿಜೀರುಂಡೆಗಳ ಕುಟುಂಬದ ಸ್ಟರ್ನೋಸೆರಾ ಕುಲಕ್ಕೆ ಸೇರಿದುದು. ಹೆಬ್ಬೆರಳಿನ ತುದಿಯಷ್ಟು ದಪ್ಪ ಮೈ, ಹಸಿರು ಪಚ್ಚೆಯಂತೆ ಹೊಳೆಯುವ ಎದೆಯ ಕವಚ, ಜಾತಿಗೆ ತಕ್ಕಂತೆ ಹಸಿರೋ ಕಂದೋ ಆದ ಗಟ್ಟಿ ಹೊರರೆಕ್ಕೆ. ಮುಂಗಾರಿನ ಮಳೆ ಬಿದ್ದ ಮೇಲೆ ಜಾಲಿಯಲ್ಲಿ ಕಾಣಿಸಿಕೊಂಡು ಕೆಲವು ವಾರಗಳಲ್ಲೇ ಮರೆಯಾಗುತ್ತದೆ. ಮಲೆನಾಡಿನವರು ಜೀರುಂಡೆ ಎಂದಾಗ ಬಹುಮಟ್ಟಿಗೆ ಕಿವಿಗಡಚಿಕ್ಕುವಂತೆ ಕೂಗುವ ಬೇರೊಂದು ಕೀಟವನ್ನು ಸೂಚಿಸುತ್ತಾರೆ. ಕವಿಗಳ ದುಂಬಿಯೋ ಜೇನ್ನೊಣದಿಂದ ಮರಕೊರೆಯುವ ಕರಿದುಂಬಿಯವರೆಗೆ ಹಲವು ಜೀವಿಗಳನ್ನು ಒಳಗೊಳ್ಳುತ್ತದೆ. ನಿಘಂಟುಗಳಲ್ಲಿ ಹುಡುಕುವ ವಿದ್ಯಾರ್ಥಿಗೆ ಈ ಗೊಂದಲದ ಅರಿವಿರುವುದು ಒಳಿತು.

ಆಟದ ಕ್ರಮ ಸರಳ. ಬೆಳಗಿನ ಹೊತ್ತಿನಲ್ಲಿ ಜಾಲಿಯ ಕೊಂಬೆಯಿಂದ ಜೀರ್ಜಿಂಬೆಯನ್ನು ಬಿಡಿಸಿ ತಂದು ಬೆಂಕಿಪೆಟ್ಟಿಗೆಯಲ್ಲಿ ಇಡುವುದು. ಮೇಯಲು ಜಾಲಿಯ ಎಳೆಯ ಸೊಪ್ಪು ಹಾಕುವುದು. ಕತ್ತಿನ ಸಂದಿಗೋ ಕಾಲಿಗೋ ನೂಲು ಕಟ್ಟಿ ಗಿರ್ರೆಂದು ಹಾರಿಸುವುದು. ಕೆಲವೊಮ್ಮೆ ಖಾಲಿ ಪೆಟ್ಟಿಗೆಯನ್ನೇ ಬಂಡಿಯಾಗಿಸಿ ಎಳೆಸುವುದು. ಇವೆಲ್ಲಕ್ಕಿಂತ ಮುಖ್ಯವಾದದ್ದು ಮೊಟ್ಟೆಗಾಗಿ ಕಾಯುವುದು. ಬೆಳಗ್ಗೆ ಪೆಟ್ಟಿಗೆ ತೆರೆದಾಗ ಸಬ್ಬಕ್ಕಿಯಂತಹ ಮೊಟ್ಟೆಗಳು ಕಂಡರೆ ಆ ಜೀರ್ಜಿಂಬೆಯ ಒಡೆಯನಿಗೆ ಗೆಳೆಯರ ನಡುವೆ ದೊಡ್ಡ ಮರ್ಯಾದೆ. ಜಾಲಿಯ ಸೊಪ್ಪೇ ಬೇಕು, ಬೇವು ಹುಣಸೆಗಳನ್ನು ಹಾಕಿದರೆ ಮೂಸುವುದಿಲ್ಲ ಎಂಬ ತಿಳಿವಳಿಕೆ ಈ ಮಕ್ಕಳಿಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಒಂದು ಕೀಟಕ್ಕೂ ಅದರ ಆಹಾರದ ಗಿಡಕ್ಕೂ ಇರುವ ಸಂಬಂಧವನ್ನು, ಕೀಟ ಮೊಟ್ಟೆಯಿಡುತ್ತದೆ ಎಂಬುದನ್ನು ಕಣ್ಣಾರೆ ಕಂಡು ದಾಟಿಸಿದ ಪರಂಪರೆ ಇದು.

ಕನ್ನಡದ ಶಾಸ್ತ್ರಸಾಹಿತ್ಯ ಇದನ್ನು ದಾಖಲಿಸಲಿಲ್ಲ. ಕೀರ್ತಿವರ್ಮನ ಗೋವೈದ್ಯವು ದನಕರುಗಳನ್ನು ಕುರಿತದ್ದು. ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷವೈದ್ಯದ ಗ್ರಂಥವಾದ್ದರಿಂದ ಕೀಟವು ಅಲ್ಲಿ ಕಚ್ಚುವ ಜೀವಿಯಾಗಿ ಮಾತ್ರ ಬರುತ್ತದೆ. ಇವರಿಬ್ಬರೂ ಜೈನರು ಎಂಬುದು ಗಮನಾರ್ಹ. ಜೈನಕವಿ ಹಂಸದೇವನ ಸಂಸ್ಕೃತದ ಮೃಗಪಕ್ಷಿಶಾಸ್ತ್ರವು ಹೆಸರೇ ಹೇಳುವಂತೆ ಮೃಗಗಳಲ್ಲಿಯೂ ಪಕ್ಷಿಗಳಲ್ಲಿಯೂ ನಿಲ್ಲುತ್ತದೆ. ಕೀಟದ ಹುಟ್ಟು, ಆಯುಸ್ಸು, ಇಂದ್ರಿಯಗಳ ವಿಚಾರ ಬೇಕಾದರೆ ವೈದ್ಯಗ್ರಂಥಗಳನ್ನು ಬಿಟ್ಟು ಸಿದ್ಧಾಂತಗ್ರಂಥಗಳ ಕಡೆಗೆ ತಿರುಗಬೇಕು. ಹಾಗೆ ತಿರುಗಿದವನಿಗೆ ಬೆಂಕಿಪೆಟ್ಟಿಗೆಯ ಮೊಟ್ಟೆ ಬಹಳ ಹಳೆಯದೊಂದು ವಾದದ ನಡುವೆ ಬಂದು ನಿಲ್ಲುತ್ತದೆ.

ಆ ವಾದಕ್ಕೂ ಈ ನೆಲಕ್ಕೂ ಇರುವ ನಂಟು ದೂರದ್ದಲ್ಲ. ಇಂದಿನ ಚಾಮರಾಜನಗರದ ಹಳೆಯ ಹೆಸರು ಅರಕೊಠಾರ. ವಿಷ್ಣುವರ್ಧನನ ದಂಡನಾಯಕ ಪುಣಿಸನು 1117ರಲ್ಲಿ ಅಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅದೇ ತಾಲ್ಲೂಕಿನ ಮಲೆಯೂರಿನ ಕನಕಗಿರಿಯು ಪೂಜ್ಯಪಾದಾಚಾರ್ಯರ ತಪೋಭೂಮಿ ಎಂಬ ಪ್ರತೀತಿ ಜೈನರಲ್ಲಿ ದೃಢವಾಗಿದೆ. ರಾಜಾವಳಿ ಕಥೆಯ ದೇವಚಂದ್ರನೂ ಆ ಊರಿನವನೇ. ತತ್ತ್ವಾರ್ಥಸೂತ್ರಕ್ಕೆ ಪೂಜ್ಯಪಾದರು ಬರೆದ ಸರ್ವಾರ್ಥಸಿದ್ಧಿಯೇ ದಿಗಂಬರ ಪರಂಪರೆಯಲ್ಲಿ ಆ ಸೂತ್ರಗ್ರಂಥಕ್ಕೆ ಇಂದು ಲಭ್ಯವಿರುವ ಅತ್ಯಂತ ಹಳೆಯ ಟೀಕೆ. ಜೀವಿಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸುವ ಕ್ರಮ ಅಲ್ಲಿ ಸ್ಪಷ್ಟವಾಗಿದೆ. ಕೃಮಿಗೆ ಸ್ಪರ್ಶ ಮತ್ತು ರುಚಿ. ಇರುವೆಗೆ ಅವುಗಳ ಜೊತೆಗೆ ವಾಸನೆ. ಭ್ರಮರಕ್ಕೆ ದೃಷ್ಟಿಯೂ ಸೇರಿ ನಾಲ್ಕು. ಮನುಷ್ಯನಿಗೆ ಶ್ರವಣವೂ ಸೇರಿ ಐದು. ಕಣ್ಣುಳ್ಳ, ರೆಕ್ಕೆಯುಳ್ಳ ಜೀರ್ಜಿಂಬೆ ಭ್ರಮರದ ಸಾಲಿನಲ್ಲಿ, ಚತುರಿಂದ್ರಿಯವಾಗಿ ಕುಳಿತುಕೊಳ್ಳುತ್ತದೆ.

ಮುಂದಿನ ಮೆಟ್ಟಿಲು ಜನ್ಮದ ವಿಂಗಡಣೆ. ಜನ್ಮ ಮೂರು ಬಗೆ: ಸಮ್ಮೂರ್ಛನ, ಗರ್ಭ, ಉಪಪಾದ. ಉಪಪಾದವು ದೇವನಾರಕರದು. ಗರ್ಭಜನ್ಮದಲ್ಲಿ ಜರಾಯುಜ, ಅಂಡಜ, ಪೋತ ಎಂಬ ಮೂರು ಭೇದಗಳು. ಉಳಿದವೆಲ್ಲ ಸಮ್ಮೂರ್ಛನ, ಅಂದರೆ ತಾಯಿತಂದೆಯರ ಸಂಯೋಗವಿಲ್ಲದೆ ಸುತ್ತಲಿನ ಪುದ್ಗಲವನ್ನೇ ಶರೀರವಾಗಿ ಪರಿಣಮಿಸಿಕೊಂಡು ಹುಟ್ಟುವುವು. ಒಂದು ಇಂದ್ರಿಯದಿಂದ ನಾಲ್ಕು ಇಂದ್ರಿಯಗಳವರೆಗಿನ ಜೀವಿಗಳೆಲ್ಲ ಈ ಕೊನೆಯ ಗುಂಪಿನವು, ಸಮ್ಮೂರ್ಛನರೆಲ್ಲ ನಪುಂಸಕರು. ಹೀಗಾಗಿ ಮೊಟ್ಟೆ ಎಂಬುದು ಗರ್ಭಜನ್ಮದ ಲಕ್ಷಣ, ಕೀಟಕ್ಕೋ ಗರ್ಭಜನ್ಮವಿಲ್ಲ. ಕೀಟವನ್ನು ಸಾಕಬಹುದು, ಆದರೆ ಅದರ ಸಂತಾನವನ್ನು ಬೆಳೆಸುವುದು ಎಂಬ ಮಾತಿಗೇ ಈ ವ್ಯವಸ್ಥೆಯಲ್ಲಿ ಅರ್ಥವಿಲ್ಲ.

ಇಲ್ಲಿಗೆ ವಿಷಯ ಮುಗಿದಿದ್ದರೆ ಪ್ರಾಚೀನರ ತಪ್ಪೊಂದನ್ನು ಎತ್ತಿ ತೋರಿಸಿ ಸುಮ್ಮನಾಗಬಹುದಿತ್ತು. ಹಾಗೆ ಮುಗಿಯಲಿಲ್ಲ ಎಂಬುದೇ ಸ್ವಾರಸ್ಯ. ಷಟ್ಖಂಡಾಗಮದ ಮೊದಲ ಖಂಡದ ಸತ್ಪ್ರರೂಪಣೆಯಲ್ಲಿ ಏಕೇಂದ್ರಿಯದಿಂದ ಚತುರಿಂದ್ರಿಯದವರೆಗಿನ ತಿರ್ಯಂಚರು ಶುದ್ಧ ನಪುಂಸಕವೇದದವರು ಎಂಬ ಸೂತ್ರವಿದೆ. ಅದಕ್ಕೆ ಧವಲಾ ಟೀಕೆಯನ್ನು ಬರೆದು ಕ್ರಿ.ಶ. 816ರಲ್ಲಿ ಮುಗಿಸಿದ ವೀರಸೇನಾಚಾರ್ಯರು ಸೂತ್ರವನ್ನು ವಿವರಿಸಿ ಮುಂದೆ ಹೋಗುವುದಿಲ್ಲ. ನಿಂತು, ಎದುರಾಳಿಯ ಬಾಯಿಂದ ಒಂದು ಆಕ್ಷೇಪವನ್ನು ಆಡಿಸುತ್ತಾರೆ. ಇರುವೆಗಳಿಗೆ ಮೊಟ್ಟೆಗಳಿರುವುದು ಕಣ್ಣಿಗೆ ಕಾಣುತ್ತದಲ್ಲ, ಹಾಗಿದ್ದ ಮೇಲೆ ಅವು ನಪುಂಸಕ ಹೇಗೆ? ಅವರ ಉತ್ತರ ಚಿಕ್ಕದು: ಮೊಟ್ಟೆಗಳು ಗರ್ಭದಲ್ಲಿಯೇ ಉಂಟಾಗಬೇಕೆಂಬ ನಿಯಮವಿಲ್ಲ.

ಈ ಎರಡು ವಾಕ್ಯಗಳ ಪ್ರಶ್ನೋತ್ತರವನ್ನು ಎರಡು ರೀತಿಯಲ್ಲಿ ಓದಬಹುದು. ಆಗಮವನ್ನು ಉಳಿಸಿಕೊಳ್ಳುವ ತರ್ಕಚಾತುರ್ಯವೆಂಬುದು ಒಂದು ಓದು, ಅದು ಸುಳ್ಳಲ್ಲ. ಆದರೆ ಇನ್ನೊಂದು ಓದಿಗೆ ಹೆಚ್ಚು ಬೆಲೆಯಿದೆ. ಒಂಬತ್ತನೆಯ ಶತಮಾನದ ಆದಿಯಲ್ಲಿ ಯಾರೋ ಕಲ್ಲೊಂದನ್ನು ಎತ್ತಿ ಅದರಡಿಯ ಇರುವೆಗಳು ಬಿಳಿಯ ಮೊಟ್ಟೆಗಳನ್ನು ಕಚ್ಚಿಕೊಂಡು ಓಡುವುದನ್ನು ನೋಡಿದ್ದರು. ಆ ನೋಟವು ಸಿದ್ಧಾಂತಕ್ಕೆ ತೊಡಕೆಂದು ಗುರುತಿಸಿದ್ದರು. ಅದನ್ನು ಮುಚ್ಚಿಡದೆ ಪೂರ್ವಪಕ್ಷವಾಗಿ ಬರೆದಿಟ್ಟರು. ಅಲ್ಲದೆ ಉತ್ತರವು ಪ್ರತ್ಯಕ್ಷವನ್ನು ಅಲ್ಲಗಳೆಯುವುದಿಲ್ಲ. ಕಂಡದ್ದು ಮೊಟ್ಟೆಯಲ್ಲ ಎಂದು ವೀರಸೇನರು ಹೇಳಲಿಲ್ಲ. ಮೊಟ್ಟೆ ಹೌದು ಎಂದು ಒಪ್ಪಿ, ಮೊಟ್ಟೆಗೂ ಗರ್ಭಕ್ಕೂ ಇದ್ದ ಗಂಟನ್ನು ಸಡಿಲಿಸಿದರು. ಧವಲೆಯ ತಾಳೆಗರಿಗಳು ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದು, 1939ರಿಂದ ಮುದ್ರಣಗೊಳ್ಳತೊಡಗುವವರೆಗೆ ಈ ಇರುವೆಯ ಪ್ರಶ್ನೆ ಕೆಲವೇ ಕಣ್ಣುಗಳಿಗೆ ಬಿದ್ದಿರಬೇಕು. ಜಾಲಿಯಡಿಯ ಹುಡುಗರು ಅದನ್ನು ತಿಳಿಯದೆಯೇ ಪ್ರತಿ ಮುಂಗಾರಿನಲ್ಲಿ ಮತ್ತೆ ಕೇಳುತ್ತ ಬಂದರು. ಅವರ ಸಾಕ್ಷ್ಯ ಇರುವೆಯದಕ್ಕಿಂತ ಬಲವಾದುದು, ಏಕೆಂದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು ಜೀರ್ಜಿಂಬೆಯ ಹೊರತು ಬೇರೇನೂ ಇರಲಿಲ್ಲ.

ಇದು ಜೈನರೊಬ್ಬರ ತೊಡಕೆಂದು ತಿಳಿಯಬಾರದು. ಸಗಣಿಯಿಂದ ಚೇಳು ಹುಟ್ಟುತ್ತದೆ ಎಂಬುದನ್ನು ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಎಲ್ಲರೂ ಒಪ್ಪಿದ ದೃಷ್ಟಾಂತವಾಗಿಯೇ ಬಳಸುತ್ತಾರೆ. ಗ್ರೀಸಿನಲ್ಲಿ ಅರಿಸ್ಟಾಟಲ್ ಕೆಲವು ಕೀಟಗಳು ಕೊಳೆತ ವಸ್ತುವಿನಿಂದ ತಾವಾಗಿ ಹುಟ್ಟುತ್ತವೆ ಎಂದು ನಂಬಿದ್ದ. ಸಗಣಿಯ ಉಂಡೆ ಉರುಳಿಸುವ ಜೀರುಂಡೆಯನ್ನು ಈಜಿಪ್ಟಿನವರು ಸೂರ್ಯನ ಸಂಕೇತವಾಗಿ ಪೂಜಿಸಿದ್ದು ಪ್ರಸಿದ್ಧ. ಆ ಜಾತಿಯಲ್ಲಿ ಹೆಣ್ಣೇ ಇಲ್ಲ, ಎಲ್ಲವೂ ಗಂಡು, ಉಂಡೆಯೊಳಗೆ ಗಂಡೇ ಬೀಜವಿಡುತ್ತದೆ ಎಂಬ ನಂಬಿಕೆಯನ್ನು ಪ್ಲುಟಾರ್ಕ್ ದಾಖಲಿಸಿದ್ದಾನೆ. ನಪುಂಸಕವೆನ್ನುವುದು ಒಂದು ದೇಶ, ಎಲ್ಲ ಗಂಡೆನ್ನುವುದು ಇನ್ನೊಂದು. 1668ರಲ್ಲಿ ಇಟಲಿಯ ಫ್ರಾಂಚೆಸ್ಕೊ ರೇಡಿ ಮಾಂಸದ ಪಾತ್ರೆಗೆ ತೆಳುಬಟ್ಟೆ ಕಟ್ಟಿ, ನೊಣ ಕೂರದಿದ್ದರೆ ಹುಳು ಹುಟ್ಟದೆಂದು ತೋರಿಸಿದ ಮೇಲೆ ಈ ನಂಬಿಕೆ ಅಲುಗಾಡತೊಡಗಿತು. ಅದೇ ರೇಡಿಯು ಗಿಡದ ಗಂಟುಗಳೊಳಗಿನ ಹುಳುಗಳು ಗಿಡದಿಂದಲೇ ಹುಟ್ಟುತ್ತವೆ ಎಂದು ನಂಬಿಕೊಂಡಿದ್ದ. ಪ್ರಯೋಗ ಮಾಡಿದವನೂ ಪ್ರಯೋಗ ಮುಟ್ಟದ ಕಡೆ ಹಳೆಯದನ್ನೇ ಹಿಡಿದಿರುತ್ತಾನೆ.

ಸಗಣಿ ಜೀರುಂಡೆಯ ಕಥೆಯಲ್ಲಿ ಕೊನೆಯ ಗಂಟನ್ನು ಬಿಡಿಸಿದವನು ದನ ಕಾಯುವ ಪ್ರಾಯದ ಒಬ್ಬ ಹುಡುಗ ಎಂಬುದನ್ನು ಇಲ್ಲಿ ನೆನೆಯಬೇಕು. ಫ್ರಾನ್ಸಿನ ಜಾನ್ ಆನ್ರಿ ಫಾಬ್ರ್ ತನ್ನ ಕೀಟಸ್ಮೃತಿಗಳ ಮೊದಲ ಸಂಪುಟವನ್ನು 1879ರಲ್ಲಿ ಪ್ರಕಟಿಸಿದಾಗ ಜೀರುಂಡೆಯ ಮೊಟ್ಟೆ ಎಲ್ಲಿರುತ್ತದೆಂಬುದು ಅವನಿಗೆ ಸ್ಪಷ್ಟವಾಗಿರಲಿಲ್ಲ. ಪಂಜರ ಕಟ್ಟಿ, ಸಗಣಿ ತಂದು ಹಾಕಿ, ವರ್ಷಗಟ್ಟಲೆ ಸಾಕಿ ಕಾದ. ಕೊನೆಗೆ ನೆಲದಡಿಯಿಂದ ಪೇರುಹಣ್ಣಿನಾಕಾರದ ಉಂಡೆಯೊಂದನ್ನು ತಂದುಕೊಟ್ಟವನು ಬೆಟ್ಟದ ಕುರಿಗಾಹಿ ಬಾಲಕ. ಮೊಟ್ಟೆ ಅದರ ಕತ್ತಿನಲ್ಲಿತ್ತು. ಬಂಡೀಪುರದಂತಹ ಆನೆಕಾಡುಗಳಲ್ಲಿ ಲದ್ದಿಯನ್ನು ನೆಲದೊಳಗೆ ಒಯ್ದು ಉಂಡೆಗಟ್ಟುವ ದೊಡ್ಡ ಜೀರುಂಡೆಗಳ ಕೆಲಸವೂ ಇಂಥದ್ದೇ. ಭಾರತದಲ್ಲಿ ಅಗೆದಾಗ ದೊರೆತ ಅಂತಹ ಗಟ್ಟಿ ಉಂಡೆಗಳನ್ನು ಹಿಂದೆ ಕಲ್ಲಿನ ಫಿರಂಗಿಗುಂಡುಗಳೆಂದು ಭಾವಿಸಿದ್ದೂ ಉಂಟು.

ಮೊಟ್ಟೆಗಿಂತ ಕಠಿನವಾದ ಪ್ರಶ್ನೆ ರೂಪಾಂತರದ್ದು. ಗೊಮ್ಮಟಸಾರವೂ ಅದಕ್ಕೆ ಕೇಶವಣ್ಣನು 1359ರಲ್ಲಿ ಬರೆದ ಕನ್ನಡ ವೃತ್ತಿಯೂ ಜೀವಭೇದಗಳನ್ನು ಬಹು ಸೂಕ್ಷ್ಮವಾಗಿ ಎಣಿಸುತ್ತವೆ. ಜೈನ ಸಂಪ್ರದಾಯ ಹೇಳುವ ಪರಮಾಯುಸ್ಸು ದ್ವೀಂದ್ರಿಯಕ್ಕೆ 12 ವರ್ಷ, ತ್ರೀಂದ್ರಿಯಕ್ಕೆ 49 ದಿನ, ಚತುರಿಂದ್ರಿಯಕ್ಕೆ 6 ತಿಂಗಳು. ಜಾಲಿಯ ಮೇಲಿನ ಜೀರ್ಜಿಂಬೆಯ ಮಟ್ಟಿಗೆ ಆರು ತಿಂಗಳ ಮಿತಿ ಮೀರುವುದಿಲ್ಲ. ಆದರೆ ಜೀರ್ಜಿಂಬೆಯ ಬಾಳಿನ ಬಹುಭಾಗ ಕಳೆಯುವುದು ಜಾಲಿಯ ಮೇಲಲ್ಲ. ಮಣ್ಣಿನೊಳಗೆ, ಬೇರನ್ನು ತಿನ್ನುವ ಕಣ್ಣಿಲ್ಲದ ಬಿಳಿಹುಳುವಾಗಿ. ಶಾಸ್ತ್ರದ ಪ್ರಕಾರ ಆ ಹುಳು ಕೃಮಿ, ದ್ವೀಂದ್ರಿಯ. ಒಂದೇ ಭವದಲ್ಲಿ ಇಂದ್ರಿಯಗಳ ಜಾತಿ ಬದಲಾಗದು ಎಂಬುದು ನಾಮಕರ್ಮದ ವ್ಯವಸ್ಥೆ. ಹಾಗಾದರೆ ಹುಳುವಿನ ಜೀವವೂ ಜೀರ್ಜಿಂಬೆಯ ಜೀವವೂ ಒಂದೆಯೋ ಎರಡೋ?

ಈ ಪ್ರಶ್ನೆ ಗುಂಡ್ಲುಪೇಟೆ, ಕೊಳ್ಳೇಗಾಲಗಳ ರೈತನಿಗೆ ಪ್ರಶ್ನೆಯಾಗಿಯೇ ತೋರಲಾರದು. ರೇಷ್ಮೆಹುಳುವನ್ನು ಸೊಪ್ಪು ಹಾಕಿ ಮೇಯಿಸಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡಿನಿಂದ ಚಿಟ್ಟೆ ಬರುವುದನ್ನೂ ಚಿಟ್ಟೆ ಮೊಟ್ಟೆಯಿಡುವುದನ್ನೂ ಅವನು ಬಲ್ಲ. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ರಾಜಾಶ್ರಯ ಪಡೆದ ಈ ಕಸುಬೇ ಇಲ್ಲಿ ನಡೆದ ಗಂಭೀರ ಕೀಟಪಾಲನೆ. ಜೀರ್ಜಿಂಬೆಯದು ಅದರ ಬದಿಯಲ್ಲಿ ನಡೆದ ಆಟ. ಹುಳು ಬೇರೆ, ಚಿಟ್ಟೆ ಬೇರೆ ಎಂದು ಚಂದ್ರಿಕೆಯ ಮುಂದೆ ನಿಂತವನಿಗೆ ಹೇಳಿ ಒಪ್ಪಿಸುವುದು ಕಷ್ಟ. ಇಂದಿನ ಜೈನ ವಿದ್ವಾಂಸರು ಸಮ್ಮೂರ್ಛನವನ್ನು ಸೂಕ್ಷ್ಮಜೀವಿಗಳ ಹುಟ್ಟಿಗೆ ಹೊಂದಿಸಿ ವ್ಯಾಖ್ಯಾನಿಸಲು ಮಾಡುವ ಯತ್ನಗಳಿಗಿಂತ ವೀರಸೇನರ ಮಾರ್ಗವೇ ಮೇಲು: ಕಂಡದ್ದನ್ನು ಮೊದಲು ಆಕ್ಷೇಪವಾಗಿ ಪೂರ್ತಿ ಬರೆಯುವುದು, ಆಮೇಲೆ ಉತ್ತರ ಹುಡುಕುವುದು.

ಕಾವ್ಯಕ್ಕೆ ಬಂದರೆ ಕೀಟದ ಚಿತ್ರ ಬೇರೆಯಾಗುತ್ತದೆ. ವೀರಸೇನರ ಶಿಷ್ಯರೇ ಆದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ವಜ್ರದಂತ ಚಕ್ರವರ್ತಿಯ ವೈರಾಗ್ಯವನ್ನು ಹೇಳುತ್ತಾರೆ. ತೋಟಗಾರ ತಂದುಕೊಟ್ಟ ಕಮಲವನ್ನು ಅರಸ ಕೈಗೆತ್ತಿಕೊಂಡು ನೋಡಿದಾಗ ಒಳಗೊಂದು ಸತ್ತ ದುಂಬಿ. ಪರಿಮಳಕ್ಕೆ ಸೋತು ಸಂಜೆ ಮುಚ್ಚಿಕೊಂಡ ಹೂವಿನೊಳಗೆ ಸಿಕ್ಕಿ ಸತ್ತದ್ದು. ಅದನ್ನು ಕಂಡ ಚಕ್ರವರ್ತಿ ರಾಜ್ಯವನ್ನು ಬಿಟ್ಟು ದೀಕ್ಷೆಗೆ ಹೊರಟ. ಗುರು ಇರುವೆಯ ಮೊಟ್ಟೆಯ ಮುಂದೆ ನಿಂತರೆ ಶಿಷ್ಯ ದುಂಬಿಯ ಹೆಣದ ಮುಂದೆ ನಿಂತ. ಒಬ್ಬರಿಗೆ ಅದು ಪ್ರಮಾಣದ ಸಮಸ್ಯೆ, ಇನ್ನೊಬ್ಬರಿಗೆ ಅನುಪ್ರೇಕ್ಷೆಯ ನಿಮಿತ್ತ. ಪಂಪನ ಮನೋಧರ್ಮ ಮತ್ತೂ ಬೇರೆ. ಆದಿಪುರಾಣವನ್ನು ಕನ್ನಡಕ್ಕೆ ತಂದ ಆ ಕವಿಯೇ ವಿಕ್ರಮಾರ್ಜುನವಿಜಯದಲ್ಲಿ ಬನವಾಸಿಯನ್ನು ನೆನೆಯುವಾಗ, ಮನುಷ್ಯನಾಗಿ ಆಗದಿದ್ದರೆ ಅಲ್ಲಿ ದುಂಬಿಯ ಮರಿಯಾಗಿಯಾದರೂ ಹುಟ್ಟುವ ಆಸೆ ತೋರುತ್ತಾನೆ. ಸಿದ್ಧಾಂತ ಬಲ್ಲ ಜೈನನಿಗೆ ಮನುಷ್ಯಭವದಿಂದ ಚತುರಿಂದ್ರಿಯಕ್ಕೆ ಇಳಿಯುವುದೆಂದರೆ ಭಯಂಕರ ಪತನ. ಪಂಪ ಅದನ್ನು ತಿಳಿಯದವನಲ್ಲ. ತಿಳಿದೂ ಬಯಸಿದ ಎಂಬುದರಲ್ಲಿಯೇ ಆ ಪದ್ಯದ ಬಿಸಿಯಿದೆ; ಪಠ್ಯಪುಸ್ತಕಗಳು ಈ ಅಂಶವನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಕಮಲದೊಳಗಿನ ದುಂಬಿ ತನ್ನ ಆಸೆಯಿಂದ ಸೆರೆಯಾದದ್ದು. ಬೆಂಕಿಪೆಟ್ಟಿಗೆಯ ಜೀರ್ಜಿಂಬೆಯನ್ನು ಸೆರೆಗೆ ಹಾಕಿದವರು ಬೇರೆ. ಎರಡನೆಯ ಶಾಸ್ತ್ರಪ್ರಶ್ನೆ ಇಲ್ಲಿಂದ ಏಳುತ್ತದೆ.

ಗೃಹಸ್ಥನ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ವಧವೆಂದರೆ ಇಲ್ಲಿ ಕೊಲ್ಲುವುದಲ್ಲ, ಹೊಡೆಯುವುದು. ಕೊಂದರೆ ವ್ರತವೇ ಮುರಿದಂತಾದ್ದರಿಂದ ಅದು ಅತಿಚಾರವೆನಿಸದು. ಪಟ್ಟಿಯನ್ನು ಓದುವಾಗ ಕಣ್ಣ ಮುಂದೆ ಬರುವುದು ಎತ್ತು, ಕುದುರೆ, ಹಸು. ಟೀಕಾಕಾರರ ಉದಾಹರಣೆಗಳೂ ಬಹುಮಟ್ಟಿಗೆ ಅಂಥವೇ. ಆದರೆ ಪೂಜ್ಯಪಾದರು ಬಂಧಕ್ಕೆ ಕೊಡುವ ಲಕ್ಷಣದಲ್ಲಿ ಹಗ್ಗದ ಮಾತಿಲ್ಲ, ದನದ ಮಾತಿಲ್ಲ. ಜೀವಿಯು ತಾನು ಬಯಸಿದ ಎಡೆಗೆ ಹೋಗದಂತೆ ತಡೆಯುವುದಕ್ಕೆ ಕಾರಣವಾದದ್ದು ಬಂಧ. ಈ ಲಕ್ಷಣ ಆನೆಗೆ ಎಷ್ಟು ಸಲ್ಲುತ್ತದೆಯೋ ಜೀರ್ಜಿಂಬೆಗೂ ಅಷ್ಟೇ ಸಲ್ಲುತ್ತದೆ. ನೂಲು ಕಟ್ಟಿದ ಕಾಲು ಹರಿದುಹೋದರೆ ಛೇದ; ಖಾಲಿ ಪೆಟ್ಟಿಗೆ ಎಳೆಸಿದರೆ ಅತಿಭಾರ; ಶಾಲೆಯ ಚೀಲದಲ್ಲಿ ಮರೆತು ಸೊಪ್ಪು ಬಾಡಿಹೋದರೆ ಅನ್ನಪಾನನಿರೋಧ. ಕೊಲ್ಲುವ ಸಂಕಲ್ಪವೇ ಇಲ್ಲದ, ಪ್ರೀತಿಯಿಂದಲೇ ನಡೆದ ಆಟದಲ್ಲಿ ಐದರಲ್ಲಿ ನಾಲ್ಕು ಸೇರಿಕೊಳ್ಳುವುದು ವಿಚಿತ್ರವಾದರೂ ನಿಜ. ಸಾಕುವುದರ ಪ್ರೀತಿಗೂ ತಡೆಯುವುದರ ಹಿಂಸೆಗೂ ಒಂದೇ ನೂಲು ಎಂಬುದನ್ನು ಸೂತ್ರಕಾರರು ಮನುಷ್ಯನ ದೈನಂದಿನ ಪಶುಪಾಲನೆಯನ್ನು ನೋಡಿಯೇ ಬರೆದಿರಬೇಕು.

ಇಷ್ಟಾದರೂ ಜೈನ ಶಾಸ್ತ್ರಕಾರರು ಸಾಕಣೆಯನ್ನೇ ಒಟ್ಟಾಗಿ ನಿಷೇಧಿಸಲಿಲ್ಲ. ಹನ್ನೆರಡನೆಯ ಶತಮಾನದ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಹಣಕ್ಕಾಗಿ ಗಿಳಿ, ಗೊರವಂಕ, ಬೆಕ್ಕು, ನಾಯಿ, ಕೋಳಿ, ನವಿಲುಗಳನ್ನು ಸಾಕುವುದನ್ನು ವರ್ಜ್ಯ ವೃತ್ತಿಗಳಲ್ಲಿ ಎಣಿಸಿದ್ದಾರೆ. ಕೀಟಗಳ ಹೆಸರು ಅಲ್ಲಿಲ್ಲ. ಅರಗಿನ ವ್ಯಾಪಾರ ಮಾತ್ರ ಬೇರೊಂದು ನಿಷೇಧವಾಗಿ ಬರುತ್ತದೆ. ಕೀಟವನ್ನು ಮನೆಯಲ್ಲಿಟ್ಟು ಮುದ್ದಿಸುವವರೂ ಇರಬಹುದೆಂಬುದು ಅವರ ಊಹೆಗೆ ಬರಲಿಲ್ಲವೇನೋ. ಸ್ವಾರಸ್ಯವೆಂದರೆ, ಅದೇ ಗುಜರಾತಿನ ಜೈನರು ಮುಂದೆ ಕೀಟಗಳನ್ನು ಸಾಕಿದ ಸಮುದಾಯವೆಂದು ಜಗತ್ತಿಗೆ ಹೆಸರಾದರು.

ಪಾಂಜರಾಪೋಳಗಳೆಂಬ ಜೀವದಯಾ ಸಂಸ್ಥೆಗಳಲ್ಲಿ ಮುದಿ ದನ, ಕುಂಟ ಕುದುರೆ, ಗಾಯಗೊಂಡ ಹಕ್ಕಿಗಳ ಜೊತೆಗೆ ಕೀಟಗಳಿಗೂ ಒಂದು ಕೋಣೆಯಿರುತ್ತಿತ್ತು. ಅಹಮದಾಬಾದಿನಲ್ಲಿ ಅದಕ್ಕೆ ಜೀವಾತಖಾನೆ ಎಂದು ಹೆಸರು. ಮನೆ, ಅಂಗಡಿಗಳಲ್ಲಿ ಕಾಳು ಕೇರಿದಾಗ ಉಳಿದ ಹುಳುಸಹಿತದ ಕಸವನ್ನು ಅಲ್ಲಿಗೆ ತಂದು ಸುರಿಯುವುದು, ತಿನ್ನಲು ಧಾನ್ಯ ಹಾಕುವುದು, ಕೋಣೆ ತುಂಬಿದ ಮೇಲೆ ವರ್ಷಗಟ್ಟಲೆ ಮುಚ್ಚಿಡುವುದು ರೂಢಿ. ಸೂರತ್ತಿನ ಅಂಥದೊಂದು ಸಂಸ್ಥೆಯನ್ನು 1823ರಲ್ಲಿ ನೋಡಿದ ಅಲೆಕ್ಸಾಂಡರ್ ಬರ್ನ್ಸ್, ಸುಮಾರು 25 ಅಡಿ ಉದ್ದದ ಕಟ್ಟಡದ ಹಲಗೆನೆಲದಡಿಯಲ್ಲಿ ಧಾನ್ಯ ತುಂಬಿ ಕಡಲತೀರದ ಮರಳಿನಷ್ಟು ಹುಳುಗಳನ್ನು ಪೋಷಿಸುತ್ತಿದ್ದುದನ್ನು ಬೆರಗಿನಿಂದಲೂ ತಾತ್ಸಾರದಿಂದಲೂ ವರ್ಣಿಸಿದ್ದಾನೆ. ಅದಕ್ಕೂ ಮೊದಲು, 1689ರಲ್ಲಿ ಸೂರತ್ತಿಗೆ ಬಂದ ಪಾದ್ರಿ ಓವಿಂಗ್ಟನ್ ಬರೆದ ಕಥೆಯಂತೂ ಯುರೋಪಿನಲ್ಲಿ ಬಹುಕಾಲ ಹರಿದಾಡಿತು: ತಿಗಣೆ ಚಿಗಟಗಳಿಗೆ ಆಹಾರವಾಗಲೆಂದು ಬಡವನೊಬ್ಬನಿಗೆ ಕೂಲಿ ಕೊಟ್ಟು ರಾತ್ರಿ ಮಲಗಿಸುತ್ತಿದ್ದರಂತೆ. ಪ್ರವಾಸಿಗಳ ಬಾಯಲ್ಲಿ ಬೆಳೆದ ಇಂತಹ ಕಥೆಗಳನ್ನು ಎಚ್ಚರದಿಂದ ಓದಬೇಕು. ಧಾನ್ಯದ ಕೋಣೆಯ ವಿಷಯ ಹಾಗಲ್ಲ. ಅದು ಇಪ್ಪತ್ತನೆಯ ಶತಮಾನದವರೆಗೂ ಇತ್ತು.

ಕಾಳಿನ ಮೂತಿಹುಳುವೂ ಹಿಟ್ಟಿನ ಕೆಂಪುಹುಳುವೂ ಜೀರುಂಡೆಗಳೇ. ಆದುದರಿಂದ ಜೀರುಂಡೆ ಸಾಕಿ ಬೆಳೆಸಿದ ಸಂಸ್ಥೆಯೆಂದು ಯಾವುದಾದರೂ ಹಳೆಯ ಭಾರತೀಯ ಸಂಸ್ಥೆಯನ್ನು ಕರೆಯಬಹುದಾದರೆ ಅದು ಜೀವಾತಖಾನೆ. ಅಲ್ಲಿ ಕಟ್ಟಿದ ನೂಲಿಲ್ಲ, ಅನ್ನಪಾನಕ್ಕೆ ಕೊರತೆಯಿಲ್ಲ. ಮುದ್ದೂ ಇಲ್ಲ, ನೋಟವೂ ಇಲ್ಲ. ಬಾಗಿಲು ಮುಚ್ಚಿದ ಮೇಲೆ ಒಳಗೆ ಏನಾಯಿತೆಂದು ಯಾರೂ ನೋಡಲಿಲ್ಲ. ಮೊಟ್ಟೆಯನ್ನೂ ಹುಳುವನ್ನೂ ದಿನದಿನವೂ ಗಮನಿಸಲು ಅದಕ್ಕಿಂತ ಉತ್ತಮ ಸ್ಥಳ ಇರಲಾರದಿತ್ತು. ವೀರಸೇನರ ಇರುವೆಯ ಪ್ರಶ್ನೆಯನ್ನು ಮುಂದುವರಿಸಲು ಬೇಕಾದ ಸಾಮಗ್ರಿ ಅಲ್ಲಿ ರಾಶಿಬಿದ್ದಿತ್ತು. ದಯೆ ಕೋಣೆಯನ್ನು ಕಟ್ಟಿತು, ಕುತೂಹಲ ಒಳಗೆ ಹೋಗಲಿಲ್ಲ. ಗುಂಡ್ಲುಪೇಟೆಯ ಹುಡುಗನದು ಇದಕ್ಕೆ ತದ್ವಿರುದ್ಧ: ಕುತೂಹಲ ಕಣ್ಣು ಬಿಟ್ಟಿತ್ತು, ದಯೆಗೆ ಸರದಿ ಬರುವಷ್ಟರಲ್ಲಿ ಜೀರ್ಜಿಂಬೆ ಸತ್ತಿರುತ್ತಿತ್ತು.

ಜೀರ್ಜಿಂಬೆಗೆ ಸತ್ತ ಮೇಲೂ ಬೆಲೆಯಿತ್ತು. ಮಣಿಜೀರುಂಡೆಯ ಹೊರರೆಕ್ಕೆಯ ಹೊಳಪು ಬಣ್ಣದ್ದಲ್ಲ, ಪದರಗಳ ರಚನೆಯದ್ದು. ಆದ್ದರಿಂದ ನೂರಾರು ವರ್ಷವಾದರೂ ಮಾಸದು. ಜಪಾನಿನ ನಾರಾದ ಹೋರ್ಯೂಜಿಯಲ್ಲಿರುವ ಏಳನೆಯ ಶತಮಾನದ ತಾಮಾಮುಶಿ ಪೂಜಾಮಂಟಪವನ್ನು ಇಂತಹ ರೆಕ್ಕೆಗಳಿಂದ ಅಲಂಕರಿಸಲಾಗಿತ್ತು. ಬಸೋಹ್ಲಿ ಶೈಲಿಯ ಚಿತ್ರಕಾರರು ಹದಿನೇಳನೆಯ ಶತಮಾನದ ಕೊನೆಯಲ್ಲಿ ನಾಯಿಕೆಯ ಒಡವೆಯ ಪಚ್ಚೆಗಳಿಗೆ ರೆಕ್ಕೆಯ ಚೂರುಗಳನ್ನು ಅಂಟಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸು, ಹೈದರಾಬಾದು ಮೊದಲಾದೆಡೆ ರೆಕ್ಕೆ ಹೊಲಿದ ಮಸ್ಲಿನ್ ಬಟ್ಟೆ ಯುರೋಪಿಯನ್ನರಿಗಾಗಿ ತಯಾರಾಗುತ್ತಿತ್ತು. 1903ರ ದಿಲ್ಲಿ ದರ್ಬಾರಿನಲ್ಲಿ ಲೇಡಿ ಕರ್ಜನ್ ತೊಟ್ಟ ಪ್ರಸಿದ್ಧ ನವಿಲುಗರಿ ಉಡುಪಿನ ಪ್ರತಿಯೊಂದು ಗರಿಯ ಕಣ್ಣೂ ಜೀರುಂಡೆಯ ರೆಕ್ಕೆಯೇ.

ಸಾಕಣೆಯನ್ನು ನಿಜವಾದ ವಿದ್ಯೆಯಾಗಿ ಬೆಳೆಸಿದವರು ಜಪಾನೀಯರು. ಕೊಂಬಿನ ಜೀರುಂಡೆ, ಇಕ್ಕುಳ ಜೀರುಂಡೆಗಳನ್ನು ಬೇಸಿಗೆಯ ರಜೆಯಲ್ಲಿ ಹಿಡಿದು ಸಾಕುವುದು ಅಲ್ಲಿನ ಮಕ್ಕಳ ಆಟ. ದೊಡ್ಡವರು ಅದನ್ನು ಮುಂದುವರಿಸಿ, ಕೊಳೆತ ಮರದ ಹುಡಿಯಲ್ಲಿ ಹುಳುವನ್ನು ಬೆಳೆಸಿ, ತಲೆಮಾರಿನಿಂದ ತಲೆಮಾರಿಗೆ ಗಾತ್ರ ಹೆಚ್ಚಿಸುವ ಮಟ್ಟಕ್ಕೆ ಹೋದರು. 1999ರಲ್ಲಿ ಒಂದು ಇಕ್ಕುಳ ಜೀರುಂಡೆ ಒಂದು ಕೋಟಿ ಯೆನ್‌ಗೆ ಮಾರಾಟವಾದ ಸುದ್ದಿ ಬಂತು. ಅದೇ ವರ್ಷ ಆಮದಿನ ನಿರ್ಬಂಧ ಸಡಿಲವಾಗಿ ಹೊರದೇಶದ ಜಾತಿಗಳು ಹೊಕ್ಕವು. ಅವು ಸ್ಥಳೀಯ ಜಾತಿಗಳೊಡನೆ ಬೆರೆತು ಸಂಕರವಾಗುವ ಭಯ ಈಗ ಅಲ್ಲಿನ ವಿಜ್ಞಾನಿಗಳದು. ಕನ್ನಡನಾಡಿನ ಆಟ ಹೀಗೆ ಬೆಳೆಯದಿರಲು ಶ್ರದ್ಧೆಯ ಕೊರತೆಯೊಂದೇ ಕಾರಣವಲ್ಲ. ಇಕ್ಕುಳ ಜೀರುಂಡೆಯ ಹುಳು ಸತ್ತ ಮರದ ಹುಡಿಯಲ್ಲಿ ಬದುಕುತ್ತದೆ, ಅದನ್ನು ಡಬ್ಬಿಗೆ ತುಂಬಬಹುದು. ಜೀರ್ಜಿಂಬೆಯ ಹುಳುವಿಗೆ ಜೀವಂತ ಜಾಲಿಯ ಬೇರು ಬೇಕು. ಪೆಟ್ಟಿಗೆಯಲ್ಲಿಟ್ಟ ಮೊಟ್ಟೆಗೆ ಮುಂದಿನ ದಾರಿಯಿರಲಿಲ್ಲ.

ಗೋಪಾಲಸ್ವಾಮಿ ಬೆಟ್ಟದ ಸುತ್ತಣ ಕಾಡು 1941ರಲ್ಲಿ ಮೈಸೂರು ಮಹಾರಾಜರ ಕಾಲದಲ್ಲಿ ವೇಣುಗೋಪಾಲ ವನ್ಯಜೀವಿಧಾಮದ ಭಾಗವಾಯಿತು. ಆ ಹೆಸರು ಬೆಟ್ಟದ ದೇವರದ್ದೇ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಂತಹ ಕಾಡಿನೊಳಗಿಂದ ಅನುಮತಿಯಿಲ್ಲದೆ ಯಾವ ಜೀವಿಯನ್ನೂ ಒಯ್ಯುವಂತಿಲ್ಲ, ಕೀಟವನ್ನೂ. ಈ ನಿಯಮ ಕಾಗದದ ಮೇಲಿನದಲ್ಲ ಎಂಬುದಕ್ಕೆ 2008ರಲ್ಲಿ ಡಾರ್ಜಿಲಿಂಗ್ ಬಳಿಯ ಸಿಂಗಲಿಲಾ ರಾಷ್ಟ್ರೀಯ ಉದ್ಯಾನದಲ್ಲಿ ಜೀರುಂಡೆ, ಚಿಟ್ಟೆಗಳನ್ನು ಸಂಗ್ರಹಿಸಿದ ಚೆಕ್ ದೇಶದ ಇಬ್ಬರು ಕೀಟಾಸಕ್ತರ ಬಂಧನ ಸಾಕ್ಷಿ. ಕಾಯಿದೆ ಒಯ್ಯುವುದನ್ನು ತಡೆಯುತ್ತದೆ, ಪೂಜ್ಯಪಾದರ ಲಕ್ಷಣ ತಡೆಯುವುದನ್ನೇ ತಡೆಯುತ್ತದೆ. ಎರಡೂ ತುದಿಯಿಂದ ಜೀರ್ಜಿಂಬೆಗೆ ದೊರೆಯುವ ಫಲ ಒಂದೇ. ಖಾಸಗಿ ವಾಹನಗಳು ಈಗ ಬೆಟ್ಟದ ಬುಡದಲ್ಲಿ ನಿಲ್ಲುತ್ತವೆ, ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸು ಮಾತ್ರ ಹೋಗುತ್ತದೆ. ಬಸ್ಸಿಗೆ ಕಾಯುವವರ ಸುತ್ತಲಿನ ಹೊಲದ ಅಂಚುಗಳಲ್ಲಿ ಜಾಲಿಯಿದೆ. ಮುಂಗಾರು ಬಿದ್ದ ವಾರಗಳಲ್ಲಿ ಅದರ ಎಳೆಯ ಸೊಪ್ಪು ಕಚ್ಚಿದ ಗುರುತು ಕಾಣಬಹುದು.